ಹೊಸ್ತಿಲ ಕೆಳಗಿನ ಕಲ್ಲು

ನಾಗನೂರ, ತಾಲೂಕು ಗೋಕಾಕ
೧೮ ಫೆಬ್ರುವರಿ ೧೯೫೮, ಮಂಗಳವಾರ

ಚಿರಂಜೀವಿ ಅಣ್ಣಪ್ಪನಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದ.

ಕೆಮ್ಮು ಕಡಿಮೆಯಾಯಿತೇ? ಅಂಬಾಲಾದ ಚಳಿಗೆ ಇನ್ನೊಂದು ಕಂಬಳಿ ಕೇಳಿ ತೆಗೆದುಕೋ, ನಾಚಿಕೆ ಮಾಡಬೇಡ. ನಾನು ಸುಖವಾಗಿದ್ದೇನೆ ಎಂದೇ ತಿಳಿ. ಮೊಣಕಾಲು ಮಾತ್ರ ನನ್ನ ಮಾತು ಕೇಳುವುದಿಲ್ಲ. ಈ ಮನೆಯಲ್ಲಿ ಬೇರೆ ಯಾರು ಕೇಳುತ್ತಾರೆ, ಅದೊಂದನ್ನೇ ಬೈದು ಏನು ಬಂತು. ನಿನ್ನ ಹೆಂಡತಿ ಚನ್ನವ್ವನಿಗೆ ಎಂಟನೇ ತಿಂಗಳು ನಡೆದಿದೆ, ಆರೋಗ್ಯ ಚೆನ್ನಾಗಿದೆ. ಸುಖವಾಗಿದ್ದಾಳೆ ಎಂದು ಬರೆಯಲು ಮಾತ್ರ ಕೈ ಬರುತ್ತಿಲ್ಲ. ಅದಕ್ಕೇ ಈ ಪತ್ರ.

ನೀನು ಕಾರಹುಣ್ಣಿಮೆಗೆ ರಜೆಯ ಮೇಲೆ ಬಂದಾಗ ಹೊಸ್ತಿಲ ಬಳಿ ಎಡವಿ, ಇಲ್ಲಿ ಮಣ್ಣು ಯಾಕೆ ಉಬ್ಬಿದೆ ಎಂದು ಕೇಳಿದ್ದೆ. ಇಲಿ ತೋಡಿದೆ ಎಂದು ಹೇಳಿದ್ದೆ. ಆ ಇಲಿ ನಿನ್ನ ತಾಯಿ. ನೀನು ಪಲ್ಟನ್ನಿಗೆ ಸೇರಿದ ವರ್ಷ ಆಕೆ ಹುಕ್ಕೇರಿ ಸಂತೆಯಲ್ಲಿ ಬೇರು ಮಾರುವವನೊಬ್ಬನ ಮುಂದೆ ಅರ್ಧ ದಿನ ಕೂತು ಬಿಳಿ ಎಕ್ಕೆಯ ಬೇರು, ಒಂದು ಹಿಡಿ ಗುಲಗಂಜಿ, ಕೋಳಿಮೊಟ್ಟೆಯಷ್ಟು ದೊಡ್ಡ ಕರಿಯ ಕಲ್ಲು ತಂದಳು. ಅಂಥ ಕಲ್ಲು ಘಟಪ್ರಭೆಯ ದಂಡೆಯಲ್ಲಿ ಬುಟ್ಟಿಗಟ್ಟಲೆ ಬಿದ್ದಿವೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಕಾಲ ಕೆಳಗೆ ಇನ್ನೊಂದು ಕಲ್ಲು ಯಾಕೆ ಎಂದು ಕೇಳಿದೆ. “ನಿಮಗ ತಿಳಿಯೂದಿಲ್ಲ, ಸುಮ್ಮಕಿರ್ರಿ” ಅಂದಳು. ಮೂರನ್ನೂ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಹೂಳಿದಳು. ಮನೆಗೆ ಸಂಪತ್ತು ಬರುತ್ತದಂತೆ. ಬಂತು ಎಂದೇ ಆಕೆಯ ನಂಬಿಕೆ. ಜೋಳ ಚೆನ್ನಾಗಿ ಬೆಳೆಯಿತು, ಎಮ್ಮೆ ಹೆಣ್ಣುಗರು ಹಾಕಿತು, ನೀನು ರಜೆಗೆ ಬಂದೆ, ಚನ್ನವ್ವ ಬಸುರಾದಳು. ಎಲ್ಲ ಆ ಕಲ್ಲಿನದೇ ಕೆಲಸ. ನಾನು ಉತ್ತದ್ದು, ಹರಗಿದ್ದು ಯಾವ ಲೆಕ್ಕಕ್ಕೂ ಇಲ್ಲ.

ಕಲ್ಲು ತನ್ನ ಪಾಡಿಗೆ ಬಿದ್ದಿದ್ದರೆ ಬಿದ್ದಿರಲಿ ಎನ್ನುತ್ತಿದ್ದೆ. ಅದರ ಜೊತೆ ಬಂದ ಕಟ್ಟಳೆ ಕೆಟ್ಟದ್ದು. ಅದು ಇರುವ ತನಕ ಮನೆಯಿಂದ ಏನನ್ನೂ ಹೊರಗೆ ಕೊಡಬಾರದಂತೆ. ಕೊಟ್ಟರೆ ಲಕ್ಷ್ಮಿಯೂ ಅದರ ಬೆನ್ನು ಹತ್ತಿ ಹೋಗುತ್ತಾಳಂತೆ. ಉಪ್ಪಿಲ್ಲ, ಕೆಂಡವಿಲ್ಲ, ಹಾಲಿಗೆ ಹೆಪ್ಪು ಹಾಕಲು ಒಂದು ಚಮಚ ಮಜ್ಜಿಗೆಯೂ ಇಲ್ಲ. ಬಾಜೂ ಮನೆಯ ಕಾಡವ್ವ ಬಟ್ಟಲು ಹಿಡಿದು ಬಂದು ಹಾಗೇ ತಿರುಗಿ ಹೋಗುವುದನ್ನು ನೋಡಲಾಗದೆ ನಾನು ಕಟ್ಟೆಯ ಮೇಲೆ ಕೂಡುವುದನ್ನೇ ಬಿಟ್ಟೆ. ಅದನ್ನೂ ನುಂಗಿಕೊಂಡೆ. ಆದರೆ ಮೊನ್ನೆ ಮಮದಾಪುರದಿಂದ ನಿನ್ನ ಮಾವ ಕೆಂಚಪ್ಪ ಬಂದ, ಮಗಳನ್ನು ಚೊಚ್ಚಲ ಹೆರಿಗೆಗೆ ಕರೆದೊಯ್ಯಲು. ಚಕ್ಕಡಿಯಲ್ಲಿ ಹುಲ್ಲು ಹಾಕಿ, ಮೇಲೆ ಕೌದಿ ಹಾಸಿ ತಂದಿದ್ದ. ನಿನ್ನ ತಾಯಿ ಬಾಗಿಲಿಗೆ ಅಡ್ಡ ನಿಂತು, “ಮನಿ ಲಕ್ಷ್ಮೀನ ಹೆಂಗ ಕಳಸಲ್ರಿ ಬೀಗರ? ಇಲ್ಲೇ ಹಡೀಲಿ” ಅಂದಳು. ಆತ ನೀರೂ ಕುಡಿಯದೆ ಖಾಲಿ ಚಕ್ಕಡಿ ತಿರುಗಿಸಿದ. ಚನ್ನವ್ವ ಅಳಲಿಲ್ಲ. ಒಳಗೆ ಹೋಗಿ, ಕಟ್ಟಿಟ್ಟಿದ್ದ ಸೀರೆಗಳನ್ನು ಬಿಚ್ಚಿ ಒಂದೊಂದಾಗಿ ಗೂಟಕ್ಕೆ ಹಾಕಿದಳು. ತಾಯಿ ಇಲ್ಲದ ಹುಡುಗಿಯರೂ ಚೊಚ್ಚಲಿಗೆ ಅತ್ತಿಗೆಯ ಕೈಯಲ್ಲಾದರೂ ತವರಿನಲ್ಲೇ ಹಡೆಯುತ್ತಾರೆ. ಇವಳಿಗೆ ತಾಯಿ ಇದ್ದಾಳೆ, ಹತ್ತಿರದಲ್ಲೇ ಇದ್ದಾಳೆ. ನನಗೆ ಸಿಟ್ಟು ಬಂತು. ಆದರೆ ಕೂಗಾಡುವಷ್ಟು ತ್ರಾಣ ಉಳಿದಿಲ್ಲ ತಮ್ಮಾ.

ನಿನ್ನೆ ಬೆಕ್ಕು ಮೊಸರಿನ ಗಡಿಗೆ ಉರುಳಿಸಿತು. ಹೆಪ್ಪಿಗೂ ಹನಿ ಉಳಿಯಲಿಲ್ಲ. ಚನ್ನವ್ವನಿಗೆ ಈಗ ಮೊಸರಿಲ್ಲದೆ ತುತ್ತು ಇಳಿಯುವುದಿಲ್ಲ. ನಿನ್ನ ತಾಯಿ ಬಹಳ ಹೊತ್ತು ಒಳಗೂ ಹೊರಗೂ ಓಡಾಡಿ, ಕಡೆಗೆ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಾಡವ್ವನ ಮನೆಗೇ ಹೋದಳು. ನಾಲ್ಕು ಮಾತು ಅನ್ನಿಸಿಕೊಂಡು ಬರಲಿ ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಕಾಡವ್ವ ಬಟ್ಟಲು ತುಂಬಿಸಿ, “ಮನ್ಯಾಗ ಬಸರಿ ಹೆಂಗಸ ಅದಾಳ, ಕೇಳಾಕ ಇಷ್ಟ ಹೊತ್ತ ಮಾಡೂದನ ಯಕ್ಕಾ?” ಅಂದಳಂತೆ, ಅಷ್ಟೇ. ನಿನ್ನ ತಾಯಿ ಹೆಪ್ಪು ಹಾಕಿ ಗಡಿಗೆಯ ಮುಂದೆ ಕೂತವಳು ಉಣ್ಣಲೂ ಏಳಲಿಲ್ಲ. ಆದರೂ ಚನ್ನವ್ವನ ಮಾತು ಎತ್ತಿದರೆ ಗೋಡೆ ನೋಡುತ್ತಾಳೆ. ನಾನು ಸೋತೆ. ಸೊಸೆಯನ್ನು ತವರಿಗೆ ಕಳಿಸು ಎಂದು ನೀನೇ ನಿನ್ನ ತಾಯಿಗೆ ಬರೆ, ನಾನು ಓದಿ ಹೇಳುತ್ತೇನೆ. ನಿನ್ನ ಮಾತನ್ನು ಆಕೆ ಮೀರುವುದಿಲ್ಲ.

ಮೈ ಜೋಪಾನ. ಬಸವಣ್ಣ ನಿನ್ನನ್ನೂ ನಿನ್ನ ಜೊತೆಯ ಹುಡುಗರನ್ನೂ ಕಾಯಲಿ. ಕಾಡವ್ವ ನಿನ್ನನ್ನು ಕೇಳಿದ್ದಾಳೆ, ಇಷ್ಟಾದ ಮೇಲೂ.

ನಿನ್ನ ಅಪ್ಪ,
ಪರಸಪ್ಪ

ತಾ.ಕ.: ಗುರುವಾರ ಬೆಳಿಗ್ಗೆ. ಗೋಕಾಕದ ಬಸ್ಸು ಬರುವ ಹೊತ್ತು, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ತಾಯಿಗೆ ಏನೂ ಬರೆಯಬೇಡ. ನಿನ್ನೆ ಆಕೆಯೇ ಹೇಳಿ ಕಳಿಸಿ ಕೆಂಚಪ್ಪನನ್ನು ಕರೆಸಿದಳು. ಚನ್ನವ್ವನಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬಿನ ಜೊತೆ ಮಣ್ಣು ಮೆತ್ತಿದ ಆ ಕೆಂಪು ಗಂಟನ್ನೂ ಹಾಕಿದಳು. ಯಾವಾಗ ಅಗೆದಳೋ, ನನಗೆ ಗೊತ್ತೇ ಆಗಲಿಲ್ಲ. “ಜ್ವಾಳಕ್ಕಂತ, ಎಮ್ಮಿಗಂತ ಹೂಳಿರಲಿಲ್ಲವ್ವಾ. ಹ್ವಾದಾಂವ ತಿರುಗಿ ಬರ್ಲಿ ಅಂತ ಹೂಳಿದ್ದೆ. ನೀನೂ ಕೂಸಿನ ಕರಕೊಂಡ ತಿರುಗಿ ಬಾ” ಅಂದಳು. ಇಷ್ಟು ದಿನ ನನಗೂ ಹೇಳಿರಲಿಲ್ಲ. ಚಕ್ಕಡಿ ಹೋದ ಮೇಲೆ ಕುಣಿ ಮುಚ್ಚಲು ಹೋದರೆ ಬೇಡ ಅಂದಳು. ಅದರ ಪಕ್ಕದಲ್ಲೇ ದಾರಿ ನೋಡುತ್ತ ಕೂತಿದ್ದಾಳೆ. ಹೊಸ್ತಿಲ ಕೆಳಗೆ ಈಗ ಏನೂ ಇಲ್ಲ ಅಣ್ಣಪ್ಪ. ರಜೆ ಕೇಳು.