ಪ್ರಿಯಾಂಕಾ ಮುಟ್ಟಿದ ಮರಿ

ಅಜ್ಜಂಪುರ
5 ಅಕ್ಟೋಬರ್ 2025, ಭಾನುವಾರ ಮಧ್ಯಾಹ್ನ

ಶಿವನಿ ಊರಿನ ಜಗಲಿಯ ಮೇಲೆ ನೆರೆದಿರುವ ಮಹಾಜನಗಳೇ! ಅತ್ತೆಯವರಾದ ಕಾಶಮ್ಮನವರೇ! ಬಾಣಂತಿಯನ್ನು ನೋಡಲು ಬಂದು ಎಲೆಯಡಿಕೆ ಮೆಲ್ಲುತ್ತಿರುವ ಬೀದಿಯ ತಾಯಂದಿರೇ! ತಮಗೆಲ್ಲರಿಗೂ ಶಿರಬಾಗಿ ವಂದಿಸಿ ಬೇಡುತ್ತೇನೆ, ದಯವಿಟ್ಟು ಎದ್ದು ಒಳಗೆ ಹೋಗಿ. ಈ ಕಾಗದ ನನ್ನ ಹೆಂಡತಿಗೆ ಮಾತ್ರ.

ಪ್ರೀತಿಯ ಯಶೋದಾ,

ಕ್ಷಮಿಸು, ಸಭೆಗೆ ಕೈ ಮುಗಿಯದೆ ನನಗೆ ಬಾಯಿ ತೆರೆಯಲು ಬರುವುದಿಲ್ಲ. ಹತ್ತನೇ ವಯಸ್ಸಿಗೇ ಬಣ್ಣ ಹಚ್ಚಿದವನು ನಾನು. ಮೈಕಿಲ್ಲದೆ ಮೂರು ಬೀದಿಗೆ ಕೇಳುವಂತೆ ಕೂಗುವುದನ್ನು ಕಲಿತೆ, ಪಿಸುಮಾತು ಕಲಿಯಲಿಲ್ಲ. ಅದಕ್ಕೇ ಫೋನ್ ಬಿಟ್ಟು ಕಾಗದ ಹಿಡಿದಿದ್ದೇನೆ. ಪಂಕಜಾಕ್ಷಿ ಟೀಚರ್ ಇವತ್ತು ಸಂಜೆ ತಮ್ಮೂರು ಶಿವನಿಗೆ ಬರುತ್ತಾರಂತೆ, ಅವರ ಕೈಯಲ್ಲಿ ಕಳಿಸುತ್ತೇನೆ.

ನಿನ್ನೆ ನೀನು ಫೋನಿನಲ್ಲಿ ಅಳುತ್ತಾ ಕೇಳಿದೆ. “ಏನ್ರೀ ಕಲಿಸಿ ಕಳಿಸಿದ್ದೀರಾ ಈ ಹುಡುಗೀಗೆ? ತಮ್ಮನ್ನ ಮುಟ್ಟು ಅಂದ್ರೆ ಕೈ ಹಿಂದಕ್ಕೆ ಕಟ್ಕಂತಾಳೆ. ಕೂಸನ್ನ ತೊಡೆ ಮೇಲೆ ಮಲಗಿಸಿದ್ರೆ ದಡಕ್ಕನೆ ಎದ್ಬಿಟ್ಲು. ನಾನು ಹಿಡೀದಿದ್ರೆ ಬಿದ್ದೇ ಹೋಗ್ತಿತ್ತು! ಬೆನ್ನಿಗೆ ಎರಡು ಕೊಟ್ಟೆ ಕಣ್ರೀ. ಆಗ್ಲಿಂದ ಅನ್ನಾನೂ ಮುಟ್ಟಿಲ್ಲ.” ಸ್ಪೀಕರ್ ಹಾಕಿದ್ದೆ ನೀನು. ಹಿಂದಿನಿಂದ ಅತ್ತೆಯವರು “ಹೊಟ್ಟೆಕಿಚ್ಚು ಕಣೇ. ಏಳು ವರ್ಷ ಒಬ್ಬಳೇ ಮೆರೆದೋಳಲ್ವಾ” ಎಂದದ್ದೂ ಕೇಳಿಸಿತು. ನಾನು “ಸರಿಹೋಗುತ್ತೆ ಬಿಡು” ಎಂದು ಫೋನ್ ಇಟ್ಟೆ.

ಸರಿಹೋಗುವುದಿಲ್ಲ, ಯಶೋದಾ. ಅದು ಹೊಟ್ಟೆಕಿಚ್ಚಲ್ಲ. ಕಾರಣ ನನಗೆ ಗೊತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು, ನನ್ನ ಪಾಲಿನ ಏಟನ್ನು ಮಗು ತಿನ್ನಲು ಬಿಟ್ಟೆ.

ನೀನು ಹೆರಿಗೆಗೆ ಹೋದ ಮೇಲೆ ನಮ್ಮ ಹಿಟ್ಟಿನ ಗಿರಣಿಯ ಬೆಕ್ಕು ಮನೆಯೊಳಗೇ ನಾಲ್ಕು ಮರಿ ಹಾಕಿತು. ಅದೇ ಪಟ್ಟದರಸಿ. ಹೆಸರಿಟ್ಟವನು ನಾನು, ಕರೆಯಲು ಉದ್ದವಾಯಿತೆಂದು ಪಟ್ಟಿ ಮಾಡಿದವಳು ನಿನ್ನ ಮಗಳು. ಶಾಲೆ ಬಿಟ್ಟರೆ ಪ್ರಿಯಾಂಕಾಳ ವಾಸ ಅಲ್ಲೇ. ಪಕ್ಕದ ಮನೆ ತಿಮ್ಮಕ್ಕ ಮಾತ್ರ ಎಚ್ಚರಿಸಿದ್ದಳು: “ನೋಡು, ಮುಟ್ಟಬ್ಯಾಡ ಕಣವ್ವಾ. ಮನುಷ್ಯರ ಕೈ ತಾಗಿದ ಮರೀನ ತಾಯಿ ಸೇರ್ಸಲ್ಲ.”

ಹಸುಗೂಸು ಮನೆಗೆ ಬರುತ್ತದೆ, ಬೆಕ್ಕಿನ ಕೂದಲು ಅದರ ಉಸಿರಿಗೆ ತೊಂದರೆ ಮಾಡೀತು ಎಂದು ನಾನು ಒಂದು ದಿನ ನಾಲ್ಕೂ ಮರಿಗಳನ್ನು ರವೆ ಚೀಲಕ್ಕೆ ಹಾಕಿ, ಮೊಪೆಡ್ ಮೇಲೆ ಒಯ್ದು, ತರೀಕೆರೆ ರಸ್ತೆಯ ಡಾಬಾ ಹಿಂದೆ ಬಿಟ್ಟು ಬಂದೆ. ಅವು ಆಗಷ್ಟೇ ಕಣ್ಣು ಬಿಟ್ಟಿದ್ದವು.

ಸಂಜೆ ಮಗಳು ಕೇಳಿದಳು. ಈ ನಾಲಿಗೆಗೆ ಸಂಭಾಷಣೆ ಯಾವತ್ತು ಕಮ್ಮಿಯಾಗಿದೆ? “ಮಗಳೇ! ಬೆಕ್ಕು ತನ್ನ ಮರಿಗಳನ್ನು ಏಳು ಮನೆ ತಿರುಗಿಸುತ್ತದೆ. ಅದು ಬೆಕ್ಕಿನ ಕುಲದ ಪದ್ಧತಿ. ಏಳು ಮುಗಿದ ಮೇಲೆ ತಿರುಗಿ ನಮ್ಮ ಮನೆಗೇ!” ಎಂದು ತೋಳು ಬೀಸಿ ಹೇಳಿದೆ.

ಅವಳು ನಂಬಿದಳು. ಅಕ್ಷರ ಅಕ್ಷರ ನಂಬಿದಳು. ಮಾರನೇ ದಿನ ಪಟ್ಟಿಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆ ಮನೆ ಹತ್ತಿದಳು. “ನಮ್ಮ ಮರಿ ಬಂದ್ವಾ? ನಿಮ್ದು ಎಷ್ಟನೇ ಮನೆ?” ತಿಮ್ಮಕ್ಕ ನಕ್ಕು, “ನಮ್ದು ಮೊದಲ್ನೇದು ಕಣವ್ವಾ, ನಿನ್ನೇನೇ ಹೋದ್ವು” ಎಂದಳು. ಎದುರು ಮನೆ ಸೈದಾನಿ ಬಿ ಮಗುವಿನ ಮನಸ್ಸು ಮುರಿಯಬಾರದೆಂದು, “ಬಂದಿದ್ವು ಬೇಟಾ, ಹಾಲು ಕುಡಿದು ಮುಂದಿನ ಮನೆಗೆ ಹೋದ್ವು” ಎಂದರು. ಒಬ್ಬರೂ ಕೆಟ್ಟವರಲ್ಲ. ಆದರೆ ನಾನು ಕಟ್ಟಿದ ಸುಳ್ಳಿಗೆ ಬೀದಿಗೆ ಬೀದಿಯೇ ಪಾತ್ರ ಹಾಕಿತು. ಏಳನೆಯದು ಕಮಲಾಕ್ಷಮ್ಮನವರ ಮನೆ. ಅವರ ಮೆಟ್ಟಿಲ ಮೇಲೆ ಮೂರು ಸಂಜೆ ಕೂತಳು ನಿನ್ನ ಮಗಳು. ಮರಿ ಬರಲಿಲ್ಲ.

ಮೂರನೇ ಸಂಜೆ ಬಂದು, ಚಪ್ಪಲಿಯನ್ನೂ ಬಿಡದೆ ನನ್ನ ಮುಂದೆ ನಿಂತಳು. “ಅಪ್ಪಾ, ಮನುಷ್ಯರು ಮುಟ್ಟಿದ್ರೆ ತಾಯಿ ಮರೀನ ಬಿಟ್ಬಿಡುತ್ತಂತೆ, ಹೌದಾ?”

ಆಗ ನಿಜ ಹೇಳಬಹುದಿತ್ತು. ಆದರೆ ಮಾತು ಮರೆತು ರಂಗದ ಮೇಲೆ ತಡವರಿಸುತ್ತಿರುವವನಿಗೆ ಪರದೆಯ ಹಿಂದಿನಿಂದ ಯಾರೋ ಸಾಲು ಕೊಟ್ಟಂತಾಯಿತು ನನಗೆ. ಗಪ್ಪನೆ ಹಿಡಿದುಕೊಂಡೆ. “ಹೌದು ಮಗಳೇ! ಮನುಷ್ಯರ ವಾಸನೆ ತಾಗಿದರೆ ಮುಗಿಯಿತು. ಹೆತ್ತ ತಾಯಿ ತಿರುಗಿಯೂ ನೋಡುವುದಿಲ್ಲ!”

“ಒಂದೇ ಒಂದ್ಸಲ ಮುಟ್ಟಿದ್ರೂನಾ?”

“ಒಂದು ಸಲವೂ ಸಾಕು.”

ಅವಳು ತನ್ನ ಅಂಗೈಗಳನ್ನು ನೋಡಿಕೊಂಡಳು. ಬಚ್ಚಲಿಗೆ ಹೋಗಿ ಸೋಪು ಹಚ್ಚಿ ತೊಳೆದಳು, ಮತ್ತೆ ತೊಳೆದಳು. ಒಳ್ಳೆ ಅಭ್ಯಾಸ ಎಂದುಕೊಂಡೆ ನಾನು, ಮೂರ್ಖ ಶಿಖಾಮಣಿ!

ಈಗ ತಿಳಿಯಿತೇ ಯಶೋದಾ? ತಾನು ಮುಟ್ಟಿದರೆ ನೀನು ಆ ಕೂಸನ್ನು ಬಿಟ್ಟು ಹೋಗುತ್ತೀಯ ಎಂದು ಅವಳಿಗೆ ಭಯ. ತಮ್ಮನನ್ನು ಕಾಪಾಡಲು ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದಾಳೆ. ಅದಕ್ಕೆ ನೀನು ಹೊಡೆದೆ. ನಿನ್ನ ತಪ್ಪಿಲ್ಲ.

ಮಗಳನ್ನು ನಿನ್ನ ಬಳಿ ಕಳಿಸಿದ ಮೇಲೆ ಪಟ್ಟಿಯ ಕೂಗು ಕೇಳಲಾರದೆ, ನಾಲ್ಕು ದಿನದಿಂದ ಡಾಬಾ ಹಿಂದಿನ ಪೊದೆಗಳಲ್ಲಿ ಹುಡುಕುತ್ತಿದ್ದೇನೆ. ಮೊನ್ನೆ ಅಲ್ಲಿನ ಅಡುಗೆಯವನು ಈರುಳ್ಳಿ ಹೆಚ್ಚುತ್ತಾ, “ಏನ್ ಮಹಾರಾಜ್ರೇ, ಬೆಕ್ಕಿನ್ ಮರಿ ಹಿಡಿಯಾಕೆ ದಂಡು ತಂದಿಲ್ವಾ?” ಎಂದು ನಕ್ಕ. ನಾನು ಅವನ ಕೈ ಹಿಡಿದುಕೊಂಡೆ. ನಗು ನಿಲ್ಲಿಸಿ, “ಇಲ್ಲಿ ನಾಯಿ ಜಾಸ್ತಿ ಅಣ್ಣಾ, ಮನೆಗ್ ಹೋಗಿ” ಎಂದ. ಇಲ್ಲಿ ಪಟ್ಟಿ ಇಡೀ ದಿನ ಕೋಣೆಯಿಂದ ಕೋಣೆಗೆ ತಿರುಗುತ್ತಾ ಕೂಗುತ್ತದೆ. ಗಿರಣಿಯ ಬೆಲ್ಟು ತಿರುಗುವಾಗಲೂ ನನಗೆ ಅದೇ ದನಿ.

ಇವತ್ತು ಸಂಜೆ ಇನ್ನೊಮ್ಮೆ ಹುಡುಕುತ್ತೇನೆ. ಒಂದೇ ಒಂದು ಮರಿ ಸಿಕ್ಕರೆ ಸಾಕು, ಅದನ್ನು ಎತ್ತಿಕೊಂಡೇ ಶಿವನಿಗೆ ಬರುತ್ತೇನೆ. ಅಲ್ಲಿಯವರೆಗೆ ಅವಳನ್ನು ಗದರಬೇಡ. ಕೂಸನ್ನು ಅವಳ ತೊಡೆಗೆ ಹಾಕಬೇಡ. ಅತ್ತೆಯವರು ದೃಷ್ಟಿ ತೆಗೆಸಲು ಎಲ್ಲಿಗೂ ಕರೆದೊಯ್ಯದಂತೆ ನೋಡಿಕೋ. ಅವಳಿಗೆ ಏನೂ ತಗುಲಿಲ್ಲ, ಅಪ್ಪನ ಮಾತೊಂದನ್ನು ಬಿಟ್ಟು.

ಇತಿ ನಿನ್ನ
ವಿಶ್ವನಾಥ್

ತಾ.ಕ.: ಕೂಸಿನ ಉಸಿರಿಗೆ ತೊಂದರೆ ಎಂದು ಮೇಲೆ ಬರೆದೆನಲ್ಲ, ಅದೂ ಸುಳ್ಳು. ಹರಿದು ಬೇರೆ ಬರೆಯಲು ಹೊತ್ತಿಲ್ಲ, ಟೀಚರ್ ಬಾಗಿಲಲ್ಲಿ ನಿಂತಿದ್ದಾರೆ. ಪಟ್ಟಿ ಮರಿ ಹಾಕಿದ್ದು ನನ್ನ ನಾಟಕದ ಟ್ರಂಕಿನಲ್ಲಿ, ರಾಜಪಾರ್ಟಿನ ವೆಲ್ವೆಟ್ ನಿಲುವಂಗಿಯ ಮೇಲೆ. ಎಷ್ಟು ಉಜ್ಜಿದರೂ ಕಲೆ ಹೋಗಲಿಲ್ಲ. ಆ ಸಿಟ್ಟಿಗೆ ಒಯ್ದೆ. ಇದನ್ನೂ ಅವಳಿಗೆ ಹೇಳಲೇಬೇಕು, ಇಲ್ಲವಾದರೆ ತಮ್ಮನಿಗಾಗಿ ಮರಿಗಳು ಹೋದವು ಎಂದು ಇನ್ನೊಂದು ಹೊರೆ ಹೊತ್ತುಕೊಂಡಾಳು. ಮರಿ ಸಿಗಲಿ, ಬಿಡಲಿ, ನಾಳೆ ಬೆಳಗಿನ ರೈಲಿಗೆ ಬರುತ್ತೇನೆ. ಅವಳ ಮುಂದೆ ಮಂಡಿಯೂರಿ, “ಒಯ್ದವನು ನಾನು ಕಣವ್ವಾ” ಎನ್ನುತ್ತೇನೆ. ಅವಳು ನನ್ನನ್ನು ಹೊಡೆದರೆ ತಡೆಯಬೇಡ. ಆ ಕೈಯಿಂದ ಯಾರನ್ನಾದರೂ ಮುಟ್ಟಿದಂತಾಗುತ್ತದೆ.