ಹನ್ನೆರಡು ಕಾಡು ಬೀಜ

ಮಾರ್ಚ್ 3
ಟ್ರೇಗಳಿಗೆ ನೀರು ಹಾಕಿದೆ. ತೋಟದ ಟೊಮೇಟೊ, ಬದನೆ ಎಲ್ಲ ಒಟ್ಟಿಗೆ ತಲೆಯೆತ್ತಿವೆ. ಮೂಲೆಯ ಟ್ರೇ ಮಾತ್ರ ಬರೀ ಮಣ್ಣು. ಕಾಡು ಟೊಮೇಟೊ. ಇದ್ದದ್ದೇ ಹನ್ನೆರಡು ಬೀಜ, ಡಬ್ಬಿ ಖಾಲಿ. ನಾವು ತಿನ್ನುವ ಟೊಮೇಟೊಗೆ ಇದು ದಾಯಾದಿಯಂತೆ, ರೋಗಕ್ಕೆ ಜಗ್ಗುವುದಿಲ್ಲವಂತೆ. ಎರಡನ್ನೂ ಕೂಡಿಸಿ ಹೊಸ ತಳಿ ಮಾಡಬೇಕೆಂದು, ಇಲ್ಲಿ ಬೀಜದ ಸಂಶೋಧನೆ ಮಾಡುವ ಮೇಡಂ ಎರಡು ವರ್ಷದಿಂದ ಕಾದಿದ್ದಾರೆ. ಬಿತ್ತಿದ್ದು ನಾನು. ಹದಿನಾಲ್ಕು ದಿನವಾಯಿತು.

ಮಾರ್ಚ್ 4, ಮಧ್ಯಾಹ್ನ
ಈಗ ಹೊಳೆಯಿತು... ಬೆರಳನ್ನು ಒಂದು ಗೆಣ್ಣಿನಷ್ಟು ಆಳಕ್ಕೆ ಒತ್ತಿ ಬಿತ್ತಿದ್ದೇನೆ! ಹಿತ್ತಲಲ್ಲಿ ಹುರುಳಿಕಾಯಿ ಬಿತ್ತಿದ ಅಭ್ಯಾಸ. ಟೊಮೇಟೊಗೆ ಮೇಲೊಂದಿಷ್ಟು ಮಣ್ಣು ಉದುರಿಸಿದ್ದರೆ ಸಾಕಿತ್ತು. ಹನ್ನೆರಡನ್ನೂ ಹೂತುಹಾಕಿದೆ. ಹೇಳಿದರೆ ಕೆಲಸ ಹೋಗುತ್ತದೆ. ಸೇರಿ ಎರಡೇ ತಿಂಗಳು. ಐದನೇ ಕ್ಲಾಸು ಅರ್ಧಕ್ಕೆ ಬಿಟ್ಟವನಿಗೆ ಬೇರೆ ಯಾರು ಕೊಡುತ್ತಾರೆ?

ಮಾರ್ಚ್ 11
"ಆ ಟ್ರೇ ಎಸೆದುಬಿಡಪ್ಪಾ. ಹಳೇ ಬೀಜ, ಸತ್ತಿದೆ" ಅಂದರು ಮೇಡಂ. ಮುಖ ಸಣ್ಣದಾಗಿತ್ತು. ಹೂಂ ಅಂದೆ. ಎಸೆಯಲಿಲ್ಲ. ನೀರಿನ ಡ್ರಮ್ಮಿನ ಹಿಂದೆ ಬಚ್ಚಿಟ್ಟೆ.
ಮನೆಯಲ್ಲಿ ಇವಳಿಗೆ ಹೇಳಿದೆ. "ಚೆನ್ನಾಗಿದೆ! ಹೆಂಡತಿ ಊಟ ಮಾಡಿದ್ಲಾ ಅಂತ ಕೇಳಲ್ಲ, ಬರೀ ಮಣ್ಣಿಗೆ ಎರಡು ಹೊತ್ತು ನೀರು!"

ಮಾರ್ಚ್ 29
ಒಂದು! ದಾರದಷ್ಟು ಹಸಿರು. ಆದರೆ... ಕಳೆಯಾಗಿದ್ದರೆ?

ಏಪ್ರಿಲ್ 9
ಎಲೆಯ ಅಂಚಿಗೆ ಗರಗಸದಂಥ ಹಲ್ಲು ಮೂಡಿದೆ. ಕಳೆಗೂ ಮೂಡುತ್ತದಲ್ಲ.
"ಎಲೆ ಉಜ್ಜಿ ಮೂಸಿ ನೋಡ್ರೀ. ಟೊಮೇಟೊ ಆದ್ರೆ ವಾಸನೆ ಬಂದೇ ಬರುತ್ತೆ" ಅಂದಳು ಇವಳು.
ಇರುವುದೇ ಎರಡು ಎಲೆ. ಉಜ್ಜಿ ಸತ್ತರೆ?
"ಹಾಗಾದ್ರೆ ಅದಕ್ಕೆ ಮದುವೆ ವಯಸ್ಸು ಬರೋವರೆಗೂ ಕಾಯಿರಿ."

ಏಪ್ರಿಲ್ 10, ಬೆಳಿಗ್ಗೆ 9
ಮೇಡಂ ಮುಂದೆ ಟ್ರೇ ಇಟ್ಟೆ. ಗೆಣ್ಣಿನ ವಿಷಯವನ್ನೂ ಒದರಿಬಿಟ್ಟೆ. ಮೇಡಂ ಬೈಯಲಿಲ್ಲ.
"ಆಳ ಒಂದೇ ಕಾರಣ ಅಲ್ಲ. ತೋಟದ ಬೀಜಕ್ಕೆ ಒಟ್ಟಿಗೆ ಏಳೋದನ್ನ ನಾವೇ ಕಲಿಸಿದೀವಿ. ಕಾಡಿನದು ಮನಸ್ಸು ಬಂದಾಗ ಏಳುತ್ತೆ. ಗೊತ್ತಿದ್ದೂ ನಾನು ಅವಸರ ಮಾಡಿದೆ ಕಣಪ್ಪಾ. ಮೂಸು, ಬಿತ್ತಿದವನು ನೀನು."
ಎಲೆಯ ಅಂಚು ಸವರಿದೆ. ಬೆರಳು ಮೂಗಿಗೆ — ಟೊಮೇಟೊ! ಅಪ್ಪಟ ಟೊಮೇಟೊ!
ಮೇಡಂ ಕೂಗಿದ ಕೂಗಿಗೆ ಆಫೀಸಿನವರೆಲ್ಲ ಓಡಿ ಬಂದು ಮೂಸಲು ಸಾಲು ನಿಂತರು. "ಸಾಕು ನಿಲ್ಲಿಸ್ರಿ, ಎಲೆ ಸವೆದುಹೋಗುತ್ತೆ!" ಅಂತ ಗದರಿದೆ. ನಾನು! ಆಫೀಸಿನವರನ್ನು!

ಮಧ್ಯಾಹ್ನ 1
"ಆ ಟ್ರೇ ಇನ್ನು ನಿನ್ನ ಜವಾಬ್ದಾರಿ" ಅಂದಿದ್ದಾರೆ ಮೇಡಂ. ಅಂದರೆ ಕೆಲಸ ಉಳಿಯಿತು. ಆದರೆ ಒಳಗೆ ಇನ್ನೂ ಹನ್ನೊಂದಿವೆ. ಎಲ್ಲಕ್ಕೂ ಒಂದೇ ದಿನ ಮನಸ್ಸು ಬಂದರೆ? ಕುಂಡ ಎಲ್ಲಿವೆ? ಎಂಟು ತೊಳೆದಿಟ್ಟೆ. ಇನ್ನು ಮೂರು —