ಓದು ಬಿಟ್ಟ ಡಾಕ್ಟರಮ್ಮನಿಗೆ

ಡಾಕ್ಟರಮ್ಮನವರಿಗೆ ನಮಸ್ಕಾರ.

ಮಕ್ಕಳ ವಾರ್ಡಿನಲ್ಲಿ ಕಿಟಕಿ ಪಕ್ಕದ ಹಾಸಿಗೆಯಲ್ಲಿದ್ದ ಗುಬ್ಬಿಯ ತಾಯಿ ಬರೆಯುತ್ತಿದ್ದೇನೆ. ಮಕ್ಕಳ ತಜ್ಞೆಯಾಗುವ ಓದನ್ನು ಅರ್ಧಕ್ಕೇ ಬಿಟ್ಟು ನೀವು ಮನೆಗೆ ಹೋದಿರೆಂದು ನರ್ಸಮ್ಮ ಹೇಳಿದರು. ನಿಮ್ಮ ವಿಳಾಸ ಕೊಟ್ಟವರೂ ಅವರೇ. ಬೈಯಬೇಡಿ.

ಗುಬ್ಬಿ ಕಣ್ಣು ಮುಚ್ಚಿದ ದಿನ ನಮ್ಮ ಯಜಮಾನರು, "ಕಲಿಯೋಕೆ ನಮ್ಮ ಮಗುನೇ ಬೇಕಿತ್ತಾ ನಿಮಗೆ?" ಎಂದು ಎಲ್ಲರೆದುರು ಕೂಗಾಡಿದರು. ಆ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹೃದಯದ ತೊಂದರೆ ಹುಟ್ಟಿನಿಂದಲೇ ಇತ್ತು, ಯಾರಿದ್ದರೂ ಉಳಿಸಲಾಗುತ್ತಿರಲಿಲ್ಲ ಎಂದು ದೊಡ್ಡ ಡಾಕ್ಟರು ಆಮೇಲೆ ಅವರನ್ನು ಕೂರಿಸಿಕೊಂಡು ಹೇಳಿದರು. ಅಂದಿನಿಂದ ಯಜಮಾನರು ಆ ಮಾತಿಗೆ ತಮ್ಮನ್ನೇ ಬೈದುಕೊಳ್ಳುತ್ತಿದ್ದಾರೆ.

ಸೂಜಿ ಚುಚ್ಚುವ ಮೊದಲು ನೀವು ಗುಬ್ಬಿಗೆ ಸುಳ್ಳು ಹೇಳುತ್ತಿರಲಿಲ್ಲ. "ನೋಯುತ್ತೆ ಪುಟ್ಟಿ, ಆದ್ರೆ ಬೇಗ ಮುಗಿಸ್ತೀನಿ" ಅನ್ನುತ್ತಿದ್ದಿರಿ. ಅದಕ್ಕೇ ಅವಳು ನಿಮಗೆ ಮಾತ್ರ ತಾನಾಗಿ ಕೈ ಚಾಚುತ್ತಿದ್ದಳು.

ನಾನೀಗ ಮತ್ತೆ ಬಸುರಿ. ಹುಟ್ಟಿದ ಕೂಡಲೇ ಈ ಮಗುವಿನ ಹೃದಯವನ್ನೂ ಪರೀಕ್ಷೆ ಮಾಡಬೇಕಂತೆ. ನನಗೆ ತುಂಬ ಭಯ. ಯಾರಿಗೆ ತೋರಿಸೋಣ ಎಂದು ಯಜಮಾನರನ್ನು ಕೇಳಿದೆ. "ಆ ಡಾಕ್ಟರಮ್ಮ ವಾಪಸ್ ಬರ್ತಾರಾ, ಬರೆದು ಕೇಳು" ಅಂದರು.

ಉತ್ತರ ಬರೆಯದಿದ್ದರೂ ಪರವಾಗಿಲ್ಲ. ವಾರ್ಡಿಗೆ ಬನ್ನಿ.

ಇಂತಿ,
ಗುಬ್ಬಿಯ ಅಮ್ಮ